ಅರ್ಥ ಕೇಳದ ಓದು: ಕಲಿಕಾ ಸಮೀಕ್ಷೆಗಳ ಎದುರು ಗಡಿಯಾಚೆಯ ಕನ್ನಡ ಮಗು

ಈ ವಿಷಯ ಕೊಟ್ಟಾಗ ನಮ್ಮ ತರಗತಿಯಲ್ಲೇ ಒಬ್ಬರು ಕೇಳಿದ್ದರು, ‘ಸಾಹಿತ್ಯ ಓದುವವರಿಗೆ ಈ ಅಂಕಿ-ಸಂಖ್ಯೆಯ ವರದಿ ಎಂತಕ್ಕೆ, ಅದು ಬಿ.ಎಡ್.ನವರ ಕೆಲಸ ಅಲ್ವಾ?’ ಅಂತ. ನನ್ನ ಉತ್ತರ ಸಣ್ಣದು. ಭಾರತದ ಹಳ್ಳಿಯ ಮಗುವಿಗೆ ಓದಲು ಬರುತ್ತದೋ ಇಲ್ಲವೋ ಎಂದು ತೀರ್ಮಾನಿಸುವ ಹಾಳೆಯಲ್ಲಿ ಇರುವುದು ಕೆಲವು ಅಕ್ಷರ, ಕೆಲವು ಪದ, ನಾಲ್ಕು ವಾಕ್ಯದ ಒಂದು ಪರಿಚ್ಛೇದ, ಅದಕ್ಕಿಂತ ಸ್ವಲ್ಪ ಉದ್ದದ ಒಂದು ಕತೆ. ಕತೆ ಅಂದ ಮೇಲೆ ಅದು ಪಠ್ಯ. ಪಠ್ಯ ಅಂದ ಮೇಲೆ ಅದನ್ನು ಪ್ರಶ್ನಿಸುವ ಕೆಲಸ ನಮಗೂ ಸೇರಿದ್ದು. ಪಂಪನನ್ನು ಬಗೆಬಗೆಯಾಗಿ ಓದುವ ನಾವು ಲಕ್ಷಾಂತರ ಮಕ್ಕಳ ಮುಂದೆ ಹಿಡಿಯುವ ಈ ಹತ್ತು ವಾಕ್ಯವನ್ನು ಯಾಕೆ ಬಿಡಬೇಕು?

ನಾನು ಮುಖ್ಯವಾಗಿ ಮಾತಾಡುವುದು ಅಸರ್ ಸಮೀಕ್ಷೆಯ ಬಗ್ಗೆ. ಪ್ರಥಮ್ ಸಂಸ್ಥೆ 2005ರಲ್ಲಿ ಶುರುಮಾಡಿದ್ದು. 2014ರವರೆಗೆ ಪ್ರತಿ ವರ್ಷ, ಆಮೇಲೆ ಹೆಚ್ಚುಕಮ್ಮಿ ವರ್ಷ ಬಿಟ್ಟು ವರ್ಷ ದೊಡ್ಡ ಸಮೀಕ್ಷೆ ನಡೆದಿದೆ. ಮೊದಲೇ ಹೇಳಿಬಿಡುತ್ತೇನೆ, ಇದನ್ನು ಹಳಿಯಲು ನಾನು ಬಂದಿಲ್ಲ. ಅಲ್ಲಿಯವರೆಗೆ ನಮ್ಮ ಶಿಕ್ಷಣದ ಚರ್ಚೆ ಎಂದರೆ ಎಷ್ಟು ಕೊಠಡಿ, ಎಷ್ಟು ಶೌಚಾಲಯ, ಎಷ್ಟು ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿ ಉಂಟು ಎನ್ನುವುದೇ ಆಗಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಒತ್ತು ಕೂಡ ಬಹುಪಾಲು ಆ ಕಡೆಗೇ. ‘ಮಗು ಶಾಲೆಗೆ ಬಂದಿದೆ ಸರಿ, ಕಲಿತಿದೆಯಾ?’ ಎಂಬ ಪ್ರಶ್ನೆಯನ್ನು ಮನೆಯ ಜಗಲಿಗೆ ಹೋಗಿ ಕೇಳಿದವರು ಇವರು. ಶಾಲೆಗೆ ಹೋಗದೆ ಮನೆಗೆ ಹೋಗುವುದರಲ್ಲಿ ಒಂದು ಜಾಣತನ ಉಂಟು: ಸರಕಾರಿ ಶಾಲೆಯ ಮಗು, ಖಾಸಗಿ ಶಾಲೆಯ ಮಗು, ಶಾಲೆ ಬಿಟ್ಟ ಮಗು ಮೂವರೂ ಸಿಗುತ್ತಾರೆ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. 2024ರಲ್ಲಿ ಹೀಗೆ 605 ಜಿಲ್ಲೆಗಳ 6,49,491 ಮಕ್ಕಳನ್ನು ಮುಟ್ಟಿದ್ದಾರೆ. ಸಣ್ಣ ಕೆಲಸ ಅಲ್ಲ.

ಓದಿಸುವ ಕ್ರಮ ಹೀಗೆ. ಮೊದಲು ಒಂದನೇ ತರಗತಿ ಮಟ್ಟದ ಪರಿಚ್ಛೇದ ಕೊಡುತ್ತಾರೆ. ಮೂರಕ್ಕಿಂತ ಹೆಚ್ಚು ತಪ್ಪಿಲ್ಲದೆ, ಬಿಡಿ ಬಿಡಿ ಪದ ಹೆಕ್ಕಿದ ಹಾಗಲ್ಲದೆ ವಾಕ್ಯದ ಹಾಗೆ ಓದಿದರೆ ಎರಡನೇ ತರಗತಿ ಮಟ್ಟದ ಕತೆ. ಆಗದಿದ್ದರೆ ಕೆಳಗಿಳಿದು ಪದ, ಅಲ್ಲಿಯೂ ಆಗದಿದ್ದರೆ ಅಕ್ಷರ. ಮಗು ತಲುಪಿದ ಅತಿ ಮೇಲಿನ ಮೆಟ್ಟಿಲು ಯಾವುದೋ ಅದನ್ನು ಗುರುತು ಹಾಕುತ್ತಾರೆ. ಪತ್ರಿಕೆಗಳಲ್ಲಿ ನಾವು ಓದುವ ತಲೆಬರಹಗಳೆಲ್ಲ ಈ ಗುರುತಿನಿಂದ ಹುಟ್ಟಿದವು. ಸರಕಾರಿ ಶಾಲೆಯ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಠ್ಯ ಓದಬಲ್ಲವರು 2018ರಲ್ಲಿ ಶೇ. 44.2, ಕೊರೋನಾ ಆದ ಮೇಲೆ 2022ರಲ್ಲಿ ಶೇ. 38.5, 2024ರಲ್ಲಿ ಶೇ. 44.8. ಇದು ಇಡೀ ದೇಶದ ಗ್ರಾಮೀಣ ಲೆಕ್ಕ. ಕುಸಿದದ್ದು, ಚೇತರಿಸಿದ್ದು ಎರಡೂ ಇಲ್ಲಿ ಕಾಣುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಈಗ ನನ್ನ ತಕರಾರಿಗೆ ಬರುತ್ತೇನೆ. ಕತೆ ಓದಿ ಮುಗಿಸಿದ ಮಗುವಿಗೆ ಕತೆಯ ಅರ್ಥ ಏನು ಎಂದು ಕೇಳಿ ಅದನ್ನು ಈ ಮೆಟ್ಟಿಲಿಗೆ ಸೇರಿಸುವುದಿಲ್ಲ. ಬಾಯಿಬಿಟ್ಟು ಸರಾಗವಾಗಿ ಓದಿದರೆ ಸಾಕು, ಮಗು ‘ಓದಬಲ್ಲದು’. ಇಷ್ಟೇ ಆಗಿದ್ದರೆ ಸಮಯದ ಅಭಾವ, ಸ್ವಯಂಸೇವಕರ ಅನುಕೂಲ ಅಂತ ಸುಮ್ಮನಾಗಬಹುದಿತ್ತು. ಆದರೆ ಅದೇ ಅಸರ್‌ನವರು ಇಂಗ್ಲಿಷ್ ಓದಿಸುವಾಗ ಅರ್ಥ ಕೇಳುತ್ತಾರೆ! 14ರಿಂದ 18 ವಯಸ್ಸಿನವರ ಬಗ್ಗೆ ಬಂದ 2023ರ ವರದಿ ನೋಡಿ. ಇಂಗ್ಲಿಷ್ ವಾಕ್ಯ ಓದಬಲ್ಲವರು ಶೇ. 57.3, ಹಾಗೆ ಓದಿದವರಲ್ಲಿ ಅರ್ಥ ಹೇಳಬಲ್ಲವರು ಸುಮಾರು ಮುಕ್ಕಾಲು ಪಾಲು ಎಂದು ಎರಡನ್ನೂ ಬೇರೆ ಬೇರೆ ಎಣಿಸಿದ್ದಾರೆ. ಅಂದರೆ ಓದುವುದು ಬೇರೆ, ತಿಳಿಯುವುದು ಬೇರೆ ಎಂಬುದು ಅವರಿಗೆ ಗೊತ್ತುಂಟು. ಇಂಗ್ಲಿಷಿನಲ್ಲಿ ಗೊತ್ತಿರುವುದು ‘ಪ್ರಾದೇಶಿಕ ಭಾಷೆ’ಗೆ ಬಂದಾಗ ಯಾಕೆ ಮರೆಯುತ್ತದೆ?

ಮರೆವು ಅಂತ ನನಗೆ ಅನಿಸುವುದಿಲ್ಲ. ಅದರ ಹಿಂದೆ ಒಂದು ನಂಬಿಕೆ ಉಂಟು. ಇಂಗ್ಲಿಷ್ ಹೊರಗಿನದು, ಆದ್ದರಿಂದ ಅರ್ಥವನ್ನು ಪರೀಕ್ಷಿಸಬೇಕು. ಪ್ರಾದೇಶಿಕ ಭಾಷೆ ಮನೆಯದು, ಆದ್ದರಿಂದ ಅಕ್ಷರ ಬಿಡಿಸಿದರೆ ಅರ್ಥ ತಾನೇ ಹಿಂದೆ ಬರುತ್ತದೆ. ಕನ್ನಡ ಶಾಲೆಯ ಮಗುವಿನ ಮನೆಯಲ್ಲೂ ಅದೇ ಕನ್ನಡ ಇರುತ್ತದೆ ಎಂಬ ಈ ನಂಬಿಕೆ ಮಂಡ್ಯದಲ್ಲಿ ಮುಕ್ಕಾಲುವಾಸಿ ನಡೆದೀತು. ಮಂಜೇಶ್ವರದಲ್ಲಿ, ಬದಿಯಡ್ಕದಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಕನ್ನಡ ಮಾಧ್ಯಮದ ಒಂದು ಬೆಂಚಿನಲ್ಲಿ ಕೂತವರ ಮನೆಮಾತು ತುಳು, ಹವ್ಯಕ, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಯಾವುದೂ ಆಗಿರಬಹುದು. ಕನ್ನಡ ಅವರೆಲ್ಲರ ಶಾಲೆಯ ಮಾತು, ಬರಹದ ಮಾತು, ಯಕ್ಷಗಾನದ ಮಾತು. ಅದು ಕಡಿಮೆ ಸಂಬಂಧ ಅಂತ ನಾನು ಹೇಳುತ್ತಿಲ್ಲ, ಕಯ್ಯಾರ ಕಿಞ್ಞಣ್ಣ ರೈಗಳ ಮನೆಮಾತೂ ತುಳುವೇ. ಆದರೆ ಅದು ಬೇರೆ ರೀತಿಯ ಸಂಬಂಧ. ಅಳೆಯುವ ಕೋಲು ಆ ಸಂಬಂಧವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಳೆದ ಬೇಸಿಗೆ ರಜೆಯಲ್ಲಿ ನೆರೆಕರೆಯ ಮೂರು ಮಕ್ಕಳಿಗೆ ನಾನೇ ಎಂಟು ವಾಕ್ಯದ ಒಂದು ಕತೆ ಬರೆದು ಓದಿಸಿದೆ. ಇದನ್ನು ಕ್ಷೇತ್ರಕಾರ್ಯ ಅಂತ ಯಾರೂ ಬರೆದುಕೊಳ್ಳಬೇಡಿ, ಮೂವರೇ. ಮನೆಯಲ್ಲಿ ಮಲಯಾಳ ಮಾತಾಡುವ ಹುಡುಗಿ ನೀರು ಕುಡಿದ ಹಾಗೆ ಓದಿದಳು. ‘ಹೊಳೆ ಅಂದರೆ ಎಂತ?’ ಅಂತ ಕೇಳಿದರೆ ಮುಖ ನೋಡಿದಳು. ‘ಪುೞ’ ಅಂದದ್ದೇ ತಡ, ‘ಓ, ಅದಾ!’ ಅಂದಳು. (ಆ ಪದ ಬರೆಯಲು ಹಳಗನ್ನಡದ ೞ ಬೇಕಾಗುತ್ತದೆ, ನಮ್ಮ ಎಂ.ಎ. ಪಾಠ ಹೀಗೂ ಉಪಯೋಗಕ್ಕೆ ಬಂತು.) ತುಳು ಮನೆಯ ಹುಡುಗ ಒಂದೊಂದು ಪದಕ್ಕೂ ಮುಗ್ಗರಿಸಿದ, ಅಸರ್‌ನ ಅಳತೆಯಲ್ಲಿ ಪದದ ಮೆಟ್ಟಿಲು ದಾಟುವುದೂ ಕಷ್ಟ. ಪುಸ್ತಕ ಮುಚ್ಚಿ ಕತೆ ಹೇಳು ಅಂದರೆ ಸುದೆ, ದೋಣಿ, ಅಜ್ಜ ಎಲ್ಲವನ್ನೂ ಸೇರಿಸಿ ತುಳುವಿನಲ್ಲಿ ಪೂರ್ತಿ ಹೇಳಿದ. ಮೂರನೆಯವನು ಹವ್ಯಕರ ಮನೆಯ ಹುಡುಗ. ‘ಸಂಜೆ ಮಕ್ಕಳು ಆಟಕ್ಕೆ ಹೋದರು’ ಎಂಬ ವಾಕ್ಯ ಓದಿ ನಿಲ್ಲಿಸಿ ಕೇಳಿದ, ‘ಯಾವ ಮೇಳದ್ದು?’ ಆಟ ಅಂದರೆ ಬಯಲಾಟ ಆದ ಊರಿನಲ್ಲಿ ಆ ಪ್ರಶ್ನೆ ಪೂರ್ತಿ ಸರಿ.

ಇವರಲ್ಲಿ ಓದಲು ಬರುವವರು ಯಾರು? ಸರಾಗವನ್ನೇ ಎಣಿಸಿದರೆ ಹುಡುಗಿ ಮೇಲೆ, ತುಳು ಹುಡುಗ ಕೆಳಗೆ. ಅರ್ಥ ಎಣಿಸಿದರೆ ತಿರುಗಾಮುರುಗ. ಮತ್ತು ಇಬ್ಬರಿಗೂ ಬೇಕಾದ ಪಾಠ ಬೇರೆ ಬೇರೆ: ಒಬ್ಬಳಿಗೆ ಮಾತು ಬೇಕು, ಇನ್ನೊಬ್ಬನಿಗೆ ಅಕ್ಷರದ ಅಭ್ಯಾಸ ಬೇಕು. ಒಂದೇ ಮೆಟ್ಟಿಲ ಗುರುತು ಈ ವ್ಯತ್ಯಾಸವನ್ನು ನುಂಗಿಬಿಡುತ್ತದೆ. ವಿಶ್ವಬ್ಯಾಂಕ್ 2019ರಲ್ಲಿ ‘ಕಲಿಕಾ ಬಡತನ’ ಎಂಬ ಮಾತು ತಂದಾಗ ಹತ್ತು ವರ್ಷದ ಮಗು ಸರಳ ಪಠ್ಯವನ್ನು ಓದಿ ಅರ್ಥಮಾಡಿಕೊಳ್ಳಲಾಗದ ಸ್ಥಿತಿ ಎಂದೇ ವ್ಯಾಖ್ಯೆ ಕೊಟ್ಟಿತು. ವ್ಯಾಖ್ಯೆಯಲ್ಲಿ ಅರ್ಥ ಉಂಟು, ನಮ್ಮ ಜಗಲಿಗೆ ಬರುವಾಗ ದಾರಿಯಲ್ಲಿ ಬಿದ್ದುಹೋಗುತ್ತದೆ.

ಎರಡನೆಯ ವಿಷಯ ಪದದ್ದು. ಕೇಂದ್ರ ಸರಕಾರ 2021ರಲ್ಲಿ ನಿಪುಣ್ ಭಾರತ್ ಎಂಬ ಯೋಜನೆ ತಂದಿತು. ಮೂರನೇ ತರಗತಿ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದ ಅರ್ಥಸಹಿತ ಓದಬೇಕು ಎಂಬುದು ಅದರ ಗುರಿಗಳಲ್ಲಿ ಒಂದು. ಇಲ್ಲಿ ಅರ್ಥ ಸೇರಿಸಿದ್ದಾರೆ, ಒಳ್ಳೆಯದು. ಆದರೆ ಪದ ಅಂದರೆ ಎಂತ? ನಮ್ಮೂರಲ್ಲಿ ಪದ ಅಂದರೆ ಭಾಗವತರು ಹೇಳುವುದು, ನಿಮಿಷಕ್ಕೆ 60 ಯಾವ ಭಾಗವತರಿಗೂ ಆಗಲಿಕ್ಕಿಲ್ಲ. ತಮಾಷೆ ಬಿಡಿ. ಇಲ್ಲಿ ಪದ ಎಂದರೆ ಎರಡು ಖಾಲಿ ಜಾಗದ ನಡುವೆ ಬರೆದದ್ದು. ಒಂದು ವಾಕ್ಯ ತೆಗೆದುಕೊಳ್ಳಿ: ‘ಮಾವಿನ ಮರದಡಿ ಕುಳಿತಿದ್ದಾಳೆ’. ಮೂರು ಪದ, 12 ಅಕ್ಷರ. ಇದನ್ನೇ ಹಿಂದಿಯಲ್ಲಿ ‘ಆಮ್ ಕೇ ಪೇಡ್ ಕೇ ನೀಚೇ ಬೈಠೀ ಹೈ’ ಎನ್ನಬಹುದು. ಏಳು ಪದ; ನಾಗರಿಯಲ್ಲಿ ಬರೆದರೆ 11 ಅಕ್ಷರ. ಕಣ್ಣು ಹಾಯಿಸಬೇಕಾದ ಅಕ್ಷರ ಹೆಚ್ಚುಕಮ್ಮಿ ಅಷ್ಟೇ, ಹೇಳಬೇಕಾದ ವಿಷಯವೂ ಅಷ್ಟೇ. ಹಿಂದಿ ಮಗುವಿನ ಖಾತೆಗೆ ಏಳು, ಕನ್ನಡ ಮಗುವಿನ ಖಾತೆಗೆ ಮೂರು. ಇಂಥದೇ ವಾಕ್ಯಗಳಿಂದ 60 ಪದ ತುಂಬಿಸಬೇಕಾದರೆ ಹಿಂದಿಯಲ್ಲಿ ಸುಮಾರು 94 ಅಕ್ಷರ ಓದಬೇಕು, ಕನ್ನಡದಲ್ಲಿ 240. ಇದು ಒಂದೇ ವಾಕ್ಯದ ಲೆಕ್ಕ, ಎಲ್ಲ ವಾಕ್ಯವೂ ಇಷ್ಟು ದೂರ ಹೋಗುವುದಿಲ್ಲ. ಆದರೂ ವಿಭಕ್ತಿ, ಕಾಲ, ಲಿಂಗ, ವಚನ ಎಲ್ಲವನ್ನೂ ಬಾಲದಲ್ಲಿ ಕಟ್ಟಿಕೊಂಡು ನಡೆಯುವ ಭಾಷೆಗೆ ಪದದ ಲೆಕ್ಕ ಯಾವಾಗಲೂ ನಷ್ಟದ್ದೇ.

ಇನ್ನೂ ಒಂದು ಮೋಜು ಉಂಟು. ‘ಮರದಡಿ’ ಎಂಬುದನ್ನು ಲೋಪಸಂಧಿ ಬಿಡಿಸಿ ‘ಮರದ ಅಡಿ’ ಎಂದು ಬರೆದರೆ ಅದೇ ವಾಕ್ಯದಲ್ಲಿ ನಾಲ್ಕು ಪದ. ‘ಮಾವಿನಮರದಡಿ’ ಎಂದು ಕೂಡಿಸಿ ಬರೆದರೆ ಎರಡು. ಅಂದರೆ ಮಗು ಎಂತ ಮಾಡದಿದ್ದರೂ, ಪ್ರಶ್ನೆಹಾಳೆ ಬರೆದವರು ಸಂಧಿ ಮಾಡಿದರೋ ಬಿಟ್ಟರೋ ಎಂಬುದರ ಮೇಲೆ ಅದರ ವೇಗ ಏರಿಳಿಯುತ್ತದೆ. ಕೇಶಿರಾಜ ಸಂಧಿಗೆ ಅಷ್ಟು ಸೂತ್ರ ಬರೆದದ್ದು ಶಿಕ್ಷಣ ಇಲಾಖೆಯ ಯೋಜನೆಗೂ ಬೇಕಾದೀತು ಅಂತ ಯಾರು ಎಣಿಸಿದ್ದರು!

ಇದು ಅಧಿಕಾರಿಗಳಿಗೆ ತಿಳಿಯದ ವಿಷಯ ಅಲ್ಲ ಎಂಬುದನ್ನೂ ಹೇಳಬೇಕು. ಎನ್‌ಸಿಇಆರ್‌ಟಿ 2022ರಲ್ಲಿ ಮೂರನೇ ತರಗತಿಯ ಸುಮಾರು 86 ಸಾವಿರ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿ 20 ಭಾಷೆಗಳಲ್ಲಿ ಓದಿಸಿ, ಒಂದೊಂದು ಭಾಷೆಗೂ ಬೇರೆ ಬೇರೆ ವೇಗದ ಮಟ್ಟ ನಿಗದಿ ಮಾಡಿತು. ಅದು ಸರಿಯಾದ ದಾರಿ. ಆದರೆ ಭಾಷಣದಲ್ಲಿ, ಗೋಡೆಬರಹದಲ್ಲಿ, ಅಧ್ಯಾಪಕರ ತರಬೇತಿಯಲ್ಲಿ ಉಳಿಯುವುದು ‘60’ ಎಂಬ ಗುಂಡು ಸಂಖ್ಯೆ. ಒಳಗಿನ ಕೋಷ್ಟಕ ಶಾಲೆಯವರೆಗೆ ತಲುಪುವುದಿಲ್ಲ.

ಅಕ್ಷರದ ಬಗ್ಗೆ ಸೋನಾಲಿ ನಾಗ್ ಅವರ ಕನ್ನಡ ಓದಿನ ಸಂಶೋಧನೆ ನಮಗೆಲ್ಲ ಪಠ್ಯ ಆಗಬೇಕಿತ್ತು. ಅವರ 2007ರ ಲೇಖನ ಹೇಳುವುದು, ಇಂಗ್ಲಿಷ್ ಕಲಿಯುವ ಮಗು ಕಡಿಮೆ ಅವಧಿಯಲ್ಲಿ ಅಕ್ಷರಮಾಲೆ ಮುಗಿಸುತ್ತದೆ, ಕನ್ನಡದ ಮಗು ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದ ಆ ದೊಡ್ಡ ರಾಶಿಯನ್ನು ಹತೋಟಿಗೆ ತರಲು ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳವರೆಗೂ ದುಡಿಯುತ್ತಾ ಇರುತ್ತದೆ ಎಂದು. ಅದು ಹಿಂದುಳಿಯುವುದಲ್ಲ, ಆ ಲಿಪಿಯ ಸಹಜ ವೇಗ. ಹಾಗಾದರೆ ಎರಡನೇ ತರಗತಿಗೆ ‘ಸುಲಭ’ ಪಠ್ಯ ಬರೆಯಲು ಒತ್ತಕ್ಷರ ಬಿಡೋಣ ಅಂದರೆ? ಒತ್ತು ಬಿಟ್ಟರೆ ಕನ್ನಡದ ಕತೆಯಿಂದ ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ ಎಲ್ಲರೂ ಮನೆ ಖಾಲಿ ಮಾಡಬೇಕು. ಹಣ್ಣು ಇಲ್ಲ, ಬೆಕ್ಕು ಇಲ್ಲ, ‘ಇಲ್ಲ’ ಎನ್ನಲೂ ಆಗುವುದಿಲ್ಲ. ಮಗುವಿಗೆ ಬಾಯಲ್ಲಿ ಅತಿ ಸುಲಭವಾದ ಪದ ಬರಹದಲ್ಲಿ ಒತ್ತಿನದು. ಸರಳದಿಂದ ಕಠಿಣಕ್ಕೆ ಎಂಬ ಏಣಿಯನ್ನು ಬೇರೆ ಲಿಪಿಯಿಂದ ತಂದು ಇಲ್ಲಿ ನಿಲ್ಲಿಸಿದರೆ ಅದು ವಾಲುತ್ತದೆ.

ಮೂರನೆಯದು, ನಾವು ಎಲ್ಲಿ ಎಣಿಕೆಯಾಗುತ್ತೇವೆ ಎಂಬುದು. ಈ ಗುಂಪಿನಲ್ಲಿ ಅಕ್ಕಲಕೋಟೆ, ಜತ್ತ, ಹೊಸೂರು, ತಾಳವಾಡಿ, ಆದೋನಿ, ಮಡಕಶಿರಾ ಕಡೆಯವರು ಇದ್ದೀರಿ. ನಮ್ಮೆಲ್ಲರ ಪಾಡು ಒಂದೇ: ಪ್ರತಿಯೊಂದು ಕನ್ನಡ ಪ್ರದೇಶವೂ ಬೇರೆ ಭಾಷೆಯ ದೊಡ್ಡ ಜಿಲ್ಲೆಯೊಂದರ ಅಂಚಿನ ತಾಲೂಕು. ಅಕ್ಕಲಕೋಟೆ ಸೊಲ್ಲಾಪುರದಲ್ಲಿ, ಜತ್ತ ಸಾಂಗ್ಲಿಯಲ್ಲಿ, ತಾಳವಾಡಿ ಈರೋಡಿನಲ್ಲಿ. ಕಾಸರಗೋಡು ಜಿಲ್ಲೆಯಲ್ಲಿಯೂ ನಾಲ್ಕು ತಾಲೂಕು, ಕನ್ನಡ ಮುಖ್ಯವಾಗಿ ಮಂಜೇಶ್ವರ ಮತ್ತು ಕಾಸರಗೋಡಿನಲ್ಲಿ. ಹೊಸದುರ್ಗ, ವೆಳ್ಳರಿಕುಂಡು ಬಹುಮಟ್ಟಿಗೆ ಮಲಯಾಳ. ಜಿಲ್ಲೆಯ 30 ಹಳ್ಳಿಯ ಮಾದರಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಎಷ್ಟು ಸಿಕ್ಕಿಯಾರು? ಸಿಕ್ಕಿದವರೂ ಜಿಲ್ಲೆಯ ಸರಾಸರಿಯಲ್ಲಿ, ಆಮೇಲೆ ರಾಜ್ಯದ ಸರಾಸರಿಯಲ್ಲಿ ಕರಗುತ್ತಾರೆ. ವರದಿಯ ಮುಖ್ಯ ಕೋಷ್ಟಕಗಳು ತರಗತಿ, ಸರಕಾರಿ-ಖಾಸಗಿ, ಹುಡುಗ-ಹುಡುಗಿ ಎಂದು ಸೀಳುತ್ತವೆ, ಮಾಧ್ಯಮದ ಪ್ರಕಾರ ಅಲ್ಲ. ಕೇರಳದ ಸರಾಸರಿ ಚೆನ್ನಾಗಿರುವುದರಿಂದ ನಮ್ಮ ಮಕ್ಕಳೂ ಚೆನ್ನಾಗಿದ್ದಾರೆ ಎಂದೇ ಲೆಕ್ಕ. ಕರ್ನಾಟಕದ ಸರಾಸರಿಯಲ್ಲಿ ನಾವು ಹೇಗೂ ಇಲ್ಲ.

ಇದರಿಂದ ನಷ್ಟ ಎಂತ ಅಂತ ಕೇಳಬಹುದು. ಕೇರಳದಲ್ಲಿ ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಆ ಸಂಖ್ಯೆ ನೋಡಿ ಡಿವಿಷನ್, ಡಿವಿಷನ್ ನೋಡಿ ಅಧ್ಯಾಪಕ ಹುದ್ದೆ. ‘ಕನ್ನಡದಲ್ಲಿ ಹಾಕಿದರೆ ಮಗು ಹಿಂದೆ ಬೀಳ್ತದೆ’ ಎಂಬ ಮಾತು ಊರಲ್ಲಿ ಹಬ್ಬಿದರೆ ನಾಲ್ಕು ಮನೆಯವರು ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತಾರೆ, ಆ ನಾಲ್ಕು ಮಕ್ಕಳಿಗಾಗಿ ಒಂದು ಹುದ್ದೆ ಹೋಗಬಹುದು. ಆ ಮಾತು ನಿಜವೋ ಸುಳ್ಳೋ ತೋರಿಸಲು ನಮ್ಮ ಹತ್ತಿರ ಒಂದು ಅಂಕಿ ಇಲ್ಲ.

ಇಲ್ಲಿ ನಮ್ಮವರನ್ನೂ ಸ್ವಲ್ಪ ಟೀಕಿಸಬೇಕು. ಕನ್ನಡ ತಿಳಿಯದ ಅಧ್ಯಾಪಕರನ್ನು ಕನ್ನಡ ತರಗತಿಗೆ ಹಾಕಿದಾಗ ಕಾಸರಗೋಡಿನಲ್ಲಿ ಮತ್ತೆ ಮತ್ತೆ ಪ್ರತಿಭಟನೆ ಆಗಿದೆ. 2017ರಲ್ಲಿ ಮಲಯಾಳ ಕಲಿಕೆ ಕಡ್ಡಾಯದ ಕಾನೂನು ಬಂದಾಗಲೂ ಆಯಿತು. ನ್ಯಾಯವಾದದ್ದೇ. ಆದರೆ ವೇದಿಕೆಯಲ್ಲಿ ನಾವು ಆಡಿದ್ದು ಬಹುಪಾಲು ಅಭಿಮಾನದ ಮಾತು: ಗೋವಿಂದ ಪೈಗಳ ನೆಲ, ಪಾರ್ತಿಸುಬ್ಬನ ನೆಲ. ಮೂರನೇ ತರಗತಿಯ ಮಗುವಿಗೆ ಗಣಿತದ ಪ್ರಶ್ನೆ ಅರ್ಥವೇ ಆಗದೆ ಒಂದು ವರ್ಷ ಹೋದರೆ ಅದರ ಕಲಿಕೆಗೆ ಆದ ಹಾನಿ ಎಷ್ಟು ಎಂದು ಅಳೆದು ಇಟ್ಟದ್ದು ಇಲ್ಲ. ಅಧಿಕಾರಿಯ ಮುಂದೆ ಅಭಿಮಾನಕ್ಕೆ ಉತ್ತರವಾಗಿ ಇನ್ನೊಂದು ಅಭಿಮಾನ ಬರುತ್ತದೆ. ಪುರಾವೆಗೆ ಪುರಾವೆಯಿಂದಲೇ ಉತ್ತರ ಕೊಡಬೇಕಾಗುತ್ತದೆ. ಹಾಗಾಗಿ ನನಗೆ ಅಸರ್‌ನಂಥ ಕೆಲಸ ಬೇಡ ಅಂತ ಅಲ್ಲ, ನಮಗೆ ಹೊಂದುವ ಅಸರ್ ಬೇಕು.

ಇಲ್ಲಿಗೆ ನನ್ನ ಪ್ರಬಂಧ ಮುಗಿಯಿತು. ಇನ್ನು ಚರ್ಚೆಯಲ್ಲಿ ಬಂದ ಎರಡು ಪ್ರಶ್ನೆ.

ಅಧ್ಯಾಪಕರೊಬ್ಬರು ಕೇಳಿದ್ದು: ‘ಒಂದೊಂದು ಊರಿಗೆ ಒಂದೊಂದು ಪರೀಕ್ಷೆ ಅಂದರೆ ಹೋಲಿಕೆಯೇ ಸಾಧ್ಯ ಇಲ್ಲವಲ್ಲ? ಹೋಲಿಸಲಾಗದ ಅಳತೆ ಇಟ್ಟುಕೊಂಡು ಏನು ಮಾಡುತ್ತೀರಿ?’

ಸರ್, ಈ ಆಕ್ಷೇಪ ಗಟ್ಟಿಯಾದದ್ದು. ಬಿಹಾರವನ್ನೂ ಕೇರಳವನ್ನೂ ಹೋಲಿಸಬೇಕಾದವರಿಗೆ ಒಂದೇ ಏಣಿ ಬೇಕು, ಒಪ್ಪುತ್ತೇನೆ. ಅದನ್ನು ತೆಗೆಯಿರಿ ಅಂತ ನಾನು ಹೇಳಲಿಲ್ಲ. ಆ ಏಣಿಗೆ ಮೂರು ಸಂಗತಿ ಸೇರಿಸಿ ಅಂತ ಕೇಳುತ್ತೇನೆ. ಮಗುವಿನ ಮನೆಮಾತು ಯಾವುದು, ಕಲಿಯುವ ಮಾಧ್ಯಮ ಯಾವುದು ಎಂದು ಎರಡನ್ನೂ ಬರೆದುಕೊಂಡು ಆ ಪ್ರಕಾರ ಫಲಿತಾಂಶ ಪ್ರಕಟಿಸಲಿ. ಕತೆ ಓದಿದ ಮೇಲೆ ಎರಡು ಪ್ರಶ್ನೆ ಕೇಳಲಿ, ಉತ್ತರ ಯಾವ ಮಾತಿನಲ್ಲಿ ಬಂದರೂ ಒಪ್ಪಲಿ. ಇಂಗ್ಲಿಷಿಗೆ ಮಾಡುವುದು ಇದನ್ನೇ ತಾನೆ? ವೇಗ ಎಣಿಸುವಲ್ಲಿ ಪದದ ಜೊತೆ ಅಕ್ಷರದ ಲೆಕ್ಕವನ್ನೂ ಇಡಲಿ. ಇದರಿಂದ ಹೋಲಿಕೆ ಕೆಡುವುದಿಲ್ಲ, ಇನ್ನಷ್ಟು ನ್ಯಾಯದ್ದಾಗುತ್ತದೆ.

ಜತ್ತ ಕಡೆಯ ಗೆಳತಿಯೊಬ್ಬರ ಪ್ರಶ್ನೆ: ‘ನಮ್ಮ ಕಡಿ ಹುಡುಗ್ರು ಸಾಲಿ ಅಂತಾರ, ಪುಸ್ತಕದಾಗ ಶಾಲೆ ಇರ್ತದ. ಮನಿಯೊಳಗ ಕನ್ನಡನ ಮಾತಾಡಿದ್ರೂ ಪುಸ್ತಕದ ಕನ್ನಡ ಬ್ಯಾರೇನ ಅನಸ್ತದ. ನೀವು ಹೇಳಿದ್ದು ತುಳು, ಮಲಯಾಳ ಮನಿಯವರದಷ್ಟ. ನಮ್ಮದೇನು?’

ಒಳ್ಳೆಯ ಪ್ರಶ್ನೆ, ಮತ್ತು ನನ್ನ ವಾದವನ್ನು ಇದು ಗಡಿಯಿಂದ ಒಳಗೂ ತರುತ್ತದೆ. ‘ಮನೆಮಾತು: ಕನ್ನಡ’ ಎಂದು ಬರೆದುಕೊಂಡರೆ ನಿಮ್ಮ ಊರಿನ ಹುಡುಗ ಮತ್ತೆ ಮಾಯ ಆಗುತ್ತಾನೆ. ‘ಶಾಲೆ’ ಎಂಬಲ್ಲಿ ‘ಸಾಲಿ’ ಎಂದು ಓದಿದರೆ ಸ್ವಯಂಸೇವಕ ತಪ್ಪು ಹಾಕಬೇಕಾ ಬೇಡವಾ? ನನ್ನ ಪ್ರಕಾರ ಹಾಕಬಾರದು. ಆ ಹುಡುಗ ಅಕ್ಷರ ನೋಡಿ, ಅರ್ಥ ಹಿಡಿದು, ತನ್ನ ಮಾತಿಗೆ ತಿರುಗಿಸಿ ಹೇಳಿದ್ದಾನೆ, ಓದಿನಲ್ಲಿ ಆಗಬೇಕಾದ ಮೂರೂ ಕೆಲಸ ಆಗಿದೆ. ಇಂಥ ‘ತಪ್ಪು’ಗಳನ್ನು ಊರೂರಿನಿಂದ ಕೂಡಿಸುವ ಕೆಲಸವನ್ನು ನಾವೇ ಶುರುಮಾಡಬಹುದು. ನೀವು ಜತ್ತದಿಂದ ಹತ್ತು ಕಳಿಸಿ, ನಾನು ಕುಂಬಳೆಯಿಂದ ಹತ್ತು ಕಳಿಸುತ್ತೇನೆ. ಯಾವುದು ಓದಿನ ತಪ್ಪು, ಯಾವುದು ಊರಿನ ಉಚ್ಚಾರ ಎಂದು ಮುಂದಿನ ತಿಂಗಳ ಸಭೆಯಲ್ಲಿ ಕೂತು ಬೇರೆ ಮಾಡೋಣ.